ಮುದ್ದಮ್ಮನ ಲಾಟೀನು, ದೊಡ್ಡಸಿದ್ದಯ್ಯನ ಹಗೇವು

ಹೊಳಲಿನ ಮುದ್ದಮ್ಮನಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಮ್ಮೆ ಮದ್ದೂರಿನಲ್ಲಿರುವ ಮಗಳು ಕುಸುಮಳ ಮನೆಗೆ ಹೊರಟು ಹನಕೆರೆ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ರೈಲಿಗೆಂದು ಕೂತಳು. ತಿಂದು ಉಗಿದ ಹುಣಸೆಬೀಜ ಮೊಳೆತು ಗಿಡವಾಯಿತು, ಗಿಡ ಮರವಾಯಿತು, ಬಿಸಿಲೇರಿದಾಗ ಅದೇ ಮರದ ನೆರಳಿಗೆ ಸರಿದು ಕೂತಳು. ರೈಲು ಬಂದಾಗ ಗಾರ್ಡು, "ಸ್ವಲ್ಪ ತಡವಾಯ್ತು ಅಜ್ಜಿ" ಎಂದ. ಇವಳು, "ಪರ್ವಾಗಿಲ್ಲ ಬುಡಪ್ಪ, ಉಣಸೆಕಾಯಿ ಕಿತ್ಕಂಡೆ" ಎಂದಳು. ಇದರಲ್ಲಿ ಮರದ ಸಂಗತಿ ನಾನು ಸೇರಿಸಿದ್ದು. ಹುಣಸೆಕಾಯಿ ನಿಜ.

ಈಗ ಅವಳಿಗೆ ಅರವತ್ತಮೂರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಅವಳು ಒಗ್ಗರಣೆ ಹಾಕಿದರೆ ಕೆರಗೋಡಿನ ಬಸ್ಸಿನಲ್ಲಿ ಕೂತವರು ಸೀನುತ್ತಾರೆ. ಆದರೆ ಊರಿಗೆ ಅವಳು ಗೊತ್ತಿರುವುದು ಸಾರಿನಿಂದಲ್ಲ, ಲಾಟೀನಿನಿಂದ. ಮನುಷ್ಯ ಇಳಿಯಬಹುದಾದ ಗುಂಡಿಯನ್ನು ಊರಿನಲ್ಲಿ ಯಾರು ತೆರೆದರೂ, ಹಳೆ ಬಾವಿಯಾಗಲಿ, ನೀರಿನ ಸಂಪಾಗಲಿ, ತೆರೆದವನ ಬೆವರು ಆರುವ ಮೊದಲು ಮುದ್ದಮ್ಮ ಸೀಮೆಎಣ್ಣೆ ಲಾಟೀನು ಹಿಡಿದು ಅಲ್ಲಿ ನಿಂತಿರುತ್ತಾಳೆ. ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾಳೆ. ಅದು ಆರದೆ ಮೇಲೆ ಬರುವವರೆಗೆ ಯಾರಿಗೂ ಇಳಿಯಲು ಅಪ್ಪಣೆ ಇಲ್ಲ. ಪಕ್ಕದ ಮನೆಯ ಚಿಕ್ಕಬೋರಯ್ಯನದು ಒಂದೇ ದೂರು: "ನಾ ಬಾಯಿ ತಗ್ದು ಆಕಳಿಸಂಗಿಲ್ಲ ಕಣ್ಲಾ, ಇವ್ಳು ಲಾಟೀನು ತಂದ್ಬುಡ್ತಾಳೆ."

ಆ ಲಾಟೀನು ಅವಳ ಗಂಡ ಹೊನ್ನಯ್ಯನದು. ಹೊನ್ನಯ್ಯ ಹಗೇವು ತೆರೆಯುವವನಾಗಿದ್ದ.

ಹಗೇವು ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಮನೆಯ ಮುಂದಿನ ಅಂಗಳದಲ್ಲಿ ಎರಡಾಳುದ್ದ ತೋಡಿದ ರಾಗಿಯ ಗುಂಡಿ ಅದು. ಬಾಯಿ, ಒಬ್ಬ ಮನುಷ್ಯ ಭುಜ ಕುಗ್ಗಿಸಿಕೊಂಡು ಇಳಿಯುವಷ್ಟು. ಹೊಟ್ಟೆ ಮಾತ್ರ ಬೀಗರೂಟ ಮುಗಿಸಿ ಎದ್ದವನದು. ರಾಗಿ ಸುರಿದು, ಚಪ್ಪಡಿ ಮುಚ್ಚಿ, ಸಂದಿಗೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಯೋಚನೆಯಿಲ್ಲ. ನಮ್ಮ ಕಡೆಯ ಕೆಲವು ಹಗೇವು ಎಷ್ಟು ಹಳೆಯವೆಂದರೆ, ಮೊದಲು ಹಗೇವು ಇತ್ತು, ಆಮೇಲೆ ಅದರ ಸುತ್ತ ಭೂಮಿ ತುಂಬಿದರು ಎನ್ನುತ್ತಾರೆ. ಎಷ್ಟು ವರ್ಷ ಬಿಟ್ಟು ತೆಗೆದರೂ ರಾಗಿಯಲ್ಲಿ ಒಂದು ಹುಳ ಇರುವುದಿಲ್ಲ. ಅದರ ಗುಟ್ಟು ಇಷ್ಟೆ. ರಾಗಿಕಾಳಿಗೂ ಉಸಿರುಂಟು. ಮುಚ್ಚಿದ ಗುಂಡಿಯಲ್ಲಿ ಅದು ಇದ್ದಬದ್ದ ಒಳ್ಳೆಯ ಗಾಳಿಯನ್ನೆಲ್ಲ ತಾನೇ ಕುಡಿದು, ಕೆಟ್ಟ ಗಾಳಿ ಬಿಟ್ಟು, ತಣ್ಣಗೆ ಮಲಗಿರುತ್ತದೆ. ಹುಳ ಉಸಿರು ಸಿಗದೆ ಸಾಯುತ್ತದೆ.

ಮನುಷ್ಯ ಇಳಿದರೆ ಅವನಿಗೂ ಅದೇ ನ್ಯಾಯ. ವಾಸನೆ ಇರುವುದಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಎರಡು ಮೂರು ಉಸಿರಿಗೆ ಮಂಡಿ ಸಡಿಲಾಗುತ್ತದೆ. 'ಕೂಗಿಬಿಡೋಣ' ಎಂಬ ಯೋಚನೆ ಹುಟ್ಟುವ ಹೊತ್ತಿಗೆ ಯೋಚಿಸುವವನೇ ಅಲ್ಲಿರುವುದಿಲ್ಲ. ಆದ್ದರಿಂದ ಹಿರಿಯರು ಒಂದು ಕಟ್ಟು ಮಾಡಿದ್ದರು. ತೆಗೆದ ದಿನ ಇಳಿಯಕೂಡದು. ಹೊಂಗೆಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು ಮೇಲಕ್ಕೂ ಕೆಳಕ್ಕೂ ಜಗ್ಗಿ ಒಳಗಿನ ಗಾಳಿ ಕಲಕಬೇಕು. ಆಮೇಲೆ ಉರಿಯುವ ದೀಪ ಬಿಡಬೇಕು. ದೀಪ ಆರಿತೋ, ಇನ್ನೊಂದು ದಿನ ಕಾಯಬೇಕು.

ಇದನ್ನು ಹೊನ್ನಯ್ಯ ನಡೆಸಿದಂತೆ ನಡೆಸಿದವರಿಲ್ಲ. ಅವನ ದೀಪ 'ಹೂಂ' ಅನ್ನದೆ ಕೆರಗೋಡಿನಿಂದ ಮಳವಳ್ಳಿಯವರೆಗೆ ಒಂದು ಮನೆಯಲ್ಲೂ ಮುದ್ದೆ ತಿರುವುತ್ತಿರಲಿಲ್ಲ. ಮುದ್ದಮ್ಮ ಅವನಿಗೆ ಸಿಕ್ಕಿದ್ದೂ ಹೀಗೇ ಒಂದು ಹಗೇವಿನ ಬಾಯಲ್ಲಿ. ಮಳವಳ್ಳಿ ಕಡೆಯ ಅವಳ ತೌರಿನಲ್ಲಿ ಹಗೇವು ತೆರೆಯಲು ಹೋದವನು ಸೊಪ್ಪು ಜಗ್ಗಿ ಮುಗಿಸಿ ದೀಪ ತರಲು ಹೇಳಿದ. ಹದಿನೇಳರ ಹುಡುಗಿ ಬುಡ್ಡಿ ತಂದುಕೊಟ್ಟಳು. ಅದು ಅರ್ಧಕ್ಕೆ ಹೋಗಿ ಆರಿತು. ಹೊನ್ನಯ್ಯ ಮೇಲೆಳೆದು, ಬುಡ್ಡಿ ಅಲ್ಲಾಡಿಸಿ, ಒಳಗೆ ಒಂದು ತೊಟ್ಟೂ ಎಣ್ಣೆ ಇಲ್ಲದ್ದನ್ನು ನೋಡಿದ. ಹುಡುಗಿಯನ್ನು ನೋಡಿದ. ಅವಳು ಆಕಾಶ ನೋಡುತ್ತಿದ್ದಳು. ಅವಳಪ್ಪ, "ಏನಾ ಒನ್ನಯ್ಯ, ಗಾಳಿ ಎಂಗದೆ?" ಎಂದಾಗ, "ಸರಿ ಇಲ್ಲ ಕಣಣ್ಣ, ನಾಳೀಕ್ ನೋಡಾನ" ಎಂದ.

ಮಾರನೆಯ ದಿನವೂ ಬುಡ್ಡಿಯಲ್ಲಿ ಎಣ್ಣೆ ಇರಲಿಲ್ಲ. ಆ ಹಗೇವಿನ ಗಾಳಿ ಸರಿಹೋಗಲು ಐದು ದಿನ ಹಿಡಿಯಿತು. ಮಳವಳ್ಳಿ ಸೀಮೆಯಲ್ಲೇ ಅಂಥ ಕೆಟ್ಟ ಗಾಳಿಯ ಹಗೇವು ಇನ್ನೊಂದಿಲ್ಲವೆಂದು ಸುದ್ದಿಯಾಗಿ, ಆ ವರ್ಷ ಅವಳಪ್ಪನ ಮನೆಯಲ್ಲಿ ಯಾರೂ ರಾಗಿ ಕಡ ಕೇಳಲಿಲ್ಲ.

ಮದುವೆಯಾದ ಮೇಲೆ ಹೊನ್ನಯ್ಯ ಮದ್ದೂರು ಸಂತೆಯಲ್ಲಿ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ ಕೊಂಡ. ಅವನಿಗೆ ಓದುಬರಹ ಬಾರದು. ಯಾರೋ ಮೇಷ್ಟರನ್ನು ಹಿಡಿದು ಒಂದೇ ಒಂದು ಅಕ್ಷರ ಕಲಿತ. ಮೂರು ದಿನ ನೆಲದ ಮೇಲೆ ತಿದ್ದಿ, ನಾಲ್ಕನೆಯ ದಿನ ಮೊಳೆಯಿಂದ ಡಬ್ಬಿಯ ಮುಚ್ಚಳದ ಮೇಲೆ ಕೆತ್ತಿದ: 'ಮು'. ಮುಂದಿನದಕ್ಕೆ ಜಾಗವೂ ಇರಲಿಲ್ಲ, ವಿದ್ಯೆಯೂ ಇರಲಿಲ್ಲ. ಅವನು ಬದುಕಿನಲ್ಲಿ ಬರೆದದ್ದು ಅಷ್ಟೆ. ಅವನದೊಂದು ಫೋಟೋ ಇಲ್ಲ. ಫೋಟೋದವನು ಊರಿಗೆ ಬಂದ ಎರಡು ಸಲವೂ ಅವನು ಯಾವುದೋ ಊರಿನಲ್ಲಿ ನೆಲದೊಳಗಿದ್ದ.

ಸಾವಿರದ ಒಂಬೈನೂರ ಎಂಬತ್ತೆಂಟರ ಬೇಸಿಗೆಯಲ್ಲಿ ಇದೇ ಹೊಳಲಿನ ದೊಡ್ಡಸಿದ್ದಯ್ಯನ ಅಂಗಳದ ಹಗೇವು ತೆರೆದರು. ಮುಕ್ಕಾಲು ಖಾಲಿಯಾಗಿದ್ದ ಹಗೇವು, ತಳದಲ್ಲಷ್ಟೇ ರಾಗಿ. ಹೊನ್ನಯ್ಯ ಬಿಟ್ಟ ದೀಪ ಆರಿತು. "ನಾಳೆ" ಎಂದು ಹೇಳಿ ಬೇವಿನ ಮರದ ಕೆಳಗೆ ಎಲೆಅಡಿಕೆಗೆ ಕೂತ. ದೊಡ್ಡಸಿದ್ದಯ್ಯ ಹೊಸದಾಗಿ ಮದುವೆಯಾದವನು, ಮನೆಗೆ ಹೆಂಡತಿಯ ಕಡೆಯವರು ಬಂದಿದ್ದರು, ಮಡಕೆ ಬರಿದಾಗಿತ್ತು. "ಒಂದ್ ಮಂಕರಿ ರಾಗೀಗೆ ನಾಳೆ ಗಂಟ ಯಾಕ್ಲಾ ಕಾಯದು" ಎಂದವನೇ ಇಳಿದುಬಿಟ್ಟ. ಮಂಕರಿ ಮೇಲೆ ಬರಲಿಲ್ಲ. ಕೂಗಿದರೆ ಓಗೊಡಲಿಲ್ಲ.

ಇಬ್ಬರಿಗೆ ಎರಡು ಹಗ್ಗ ಬೇಕು, ಇಳಿಯುವವನ ಸೊಂಟಕ್ಕೊಂದು ಹಗ್ಗ ಇರಲೇಬೇಕು ಎಂದು ಮೂವತ್ತು ಊರಿಗೆ ಹೇಳಿಕೊಟ್ಟವನು ಹೊನ್ನಯ್ಯ. ಆ ಗಳಿಗೆಯಲ್ಲಿ ಅಂಗಳದಲ್ಲಿದ್ದದ್ದು ಒಂದೇ ಹಗ್ಗ. ಎದೆ ತುಂಬ ಉಸಿರು ಎಳೆದುಕೊಂಡು ಇಳಿದ. ಆ ಹಗ್ಗವನ್ನು ದೊಡ್ಡಸಿದ್ದಯ್ಯನ ಕಂಕುಳಿಗೆ ಕಟ್ಟಿದ. ಮೇಲಿನವರು ಎಳೆದರು. ದೊಡ್ಡಸಿದ್ದಯ್ಯ ಬಿಸಿಲಿಗೆ ಬಂದು, ನೀರು ಎರಚಿಸಿಕೊಂಡು, ಕೆಮ್ಮಿ ಎದ್ದು ಕೂತ. ಹಗ್ಗ ಮತ್ತೆ ಕೆಳಗೆ ಹೋಗುವ ಹೊತ್ತಿಗೆ ಹೊನ್ನಯ್ಯ ಗೋಡೆಗೆ ಒರಗಿ ಕೂತಿದ್ದ, ಊಟವಾದ ಮೇಲೆ ಕೂರುವ ಹಾಗೆ.

ಸಂಜೆಯವರೆಗೆ ಗಾಳಿ ಬೀಸಿ, ಕೊಕ್ಕೆ ಹಾಕಿ ಅವನನ್ನು ಎತ್ತಿದರು. ಸೊಂಟದಲ್ಲಿದ್ದ ಸುಣ್ಣದ ಡಬ್ಬಿ ಅಲ್ಲೇ ಬಿತ್ತು. ಆ ರಾಗಿಯನ್ನು ದೊಡ್ಡಸಿದ್ದಯ್ಯ ಮುಟ್ಟಲಿಲ್ಲ. ಚಪ್ಪಡಿ ಎಳೆದು ಮುಚ್ಚಿಸಿದವನು ಸಾಯುವವರೆಗೆ ತೆಗೆಸಲಿಲ್ಲ. ಮುದ್ದಮ್ಮನಿಗೆ ಆಗ ಇಪ್ಪತ್ತಾರು.

ಅವತ್ತಿನಿಂದ ಅವಳು ಆ ಅಂಗಳದ ಮುಂದೆ ದಿನಕ್ಕೆರಡು ಸಲ ಹಾದುಹೋಗಿದ್ದಾಳೆ. ಗಂಡನನ್ನು ವಾಪಸು ಕೊಡೆಂದು ಬೇಡುವಷ್ಟು ದಡ್ಡಿಯಲ್ಲ. ಡಬ್ಬಿಯನ್ನು ಬೇಡುತ್ತಿದ್ದಳು. ಒಮ್ಮೆ ನನ್ನೆದುರಿಗೇ ಅಂದಳು: "ಮಕ ಮರ್ತೋಯ್ತಾ ಅದೆ ಕಣಣ್ಣ. ಕೈ ನೆಪ್ಪದೆ, ಮಕ ಇಲ್ಲ. ಆ ಅಕ್ಸರ ಒಂದ್ ಕಿತ ಮುಟ್ಟುದ್ರೆ ಮಕ ಬಂದದು." ಹೇಳಿಬಿಟ್ಟು, ಹೇಳಿದ್ದಕ್ಕೆ ತಾನೇ ಸಿಟ್ಟಾಗಿ ಎರಡು ದಿನ ನನ್ನನ್ನು ಮಾತಾಡಿಸಲಿಲ್ಲ.

ಹೋದ ಬೇಸಿಗೆಯಲ್ಲಿ ದೊಡ್ಡಸಿದ್ದಯ್ಯನ ಮಗ ರಾಜೇಂದ್ರ ಹಳೆ ಮನೆ ಕೆಡವಿ ಹೊಸದು ಕಟ್ಟಲು ನಿಂತ. ಕರೆಂಟಿನ ಲೈನ್‌ಮನ್ ಕೆಲಸದವನು. ಕಂಬ ಹತ್ತುವಾಗ ಎಷ್ಟು ಎಚ್ಚರವೋ, ಕೆಳಗೆ ಅಷ್ಟೇ ಆತುರ. ಅವನು ಹುಟ್ಟಿದ್ದು ಎಂಬತ್ತೊಂಬತ್ತರಲ್ಲಿ, ಅಂದರೆ ಹೊನ್ನಯ್ಯ ಅವನಪ್ಪನನ್ನು ಎತ್ತಿ ಕಳಿಸಿದ ಮರುವರ್ಷ. ಈ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು. ಮುದ್ದಮ್ಮನನ್ನು ಅತ್ತೆ ಎಂದೇ ಕರೆಯುತ್ತಾನೆ. ಹಗೇವು ಮುಚ್ಚದೆ ಪಾಯ ಏಳುವಂತಿರಲಿಲ್ಲ. ಮುಚ್ಚುವ ಮೊದಲು ಡಬ್ಬಿ ಎತ್ತಿ ಅತ್ತೆಯ ಕೈಗೆ ಕೊಡಬೇಕೆಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದ.

ಬೆಳಿಗ್ಗೆ ಜೆಸಿಬಿ ಚಪ್ಪಡಿ ಸರಿಸಿತು. ರಾಜೇಂದ್ರ ಹಿರಿಯರ ಮಾತು ಮರೆತಿರಲಿಲ್ಲ: ಇಳಿಯುವ ಮೊದಲು ದೀಪ ಬಿಡಬೇಕು. ಕರೆಂಟಿನವನಲ್ಲವೆ, ಊರಿಗೇ ಬೆಳಕಾಗುವಂಥ ಎಲ್‌ಇಡಿ ಟಾರ್ಚನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಟಾರ್ಚು ತಳ ಮುಟ್ಟಿತು. ಆರಲಿಲ್ಲ. ಬೂದುಬಣ್ಣದ ರಾಗಿಯ ಮೇಲೆ ಹಸಿರು ಕಿಲುಬು ಹಿಡಿದ ದುಂಡನೆಯ ಡಬ್ಬಿ ಸ್ಪಷ್ಟವಾಗಿ ಕಂಡಿತು.

ಅವನ ಹೆಂಡತಿ ಸುನಿತಾ ಶಾಲೆಗೆ ಓಡಿದಳು. "ಅತ್ತೆ, ಡಬ್ಬಿ ಕಾಣ್ತಾ ಅದೆ ಬನ್ನಿ."

ಮುದ್ದಮ್ಮ ಸಾರಿನ ಸೌಟು ಹಿಡಿದೇ ಬಂದಳು. ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಒಂದು ಗುಂಡಿಯ ಹತ್ತಿರ ಲಾಟೀನಿಲ್ಲದೆ ಬಂದಳು. ಮಂಡಿಯೂರಿ ಬಗ್ಗಿ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಅತ್ತ ಶಾಲೆಯಲ್ಲಿ ಸಾರು ಬತ್ತಿ ಪಲ್ಯವಾಗಿ, ಪಲ್ಯ ಬತ್ತಿ ಉಪ್ಪಿನಕಾಯಾಯಿತು. ಅಷ್ಟರಲ್ಲಿ ರಾಜೇಂದ್ರ ಸೊಂಟಕ್ಕೆ ಹಗ್ಗ ಬಿಗಿದು ಕಾಲು ಇಳಿಬಿಟ್ಟು ಬಾಯಂಚಿನಲ್ಲಿ ಕೂತಿದ್ದ. ಅವಳು ಅದನ್ನೂ ನೋಡಿದಳು. ಸುಮ್ಮನಿದ್ದಳು. "ಒಂದ್ ಗಳಿಗೆ ಸುಮ್ಕಿದ್ದೆ ಕಣಣ್ಣ," ಎಂದು ಆಮೇಲೆ ನನಗೆ ಹೇಳಿದಳು. "ಇಳೀಲಿ ಅನ್ಕಂಡೆ. ನನ್ ಬಾಯೇ ಬರ್ನಿಲ್ಲ."

ಆಮೇಲೆ ಬಾಯಿ ಬಂತು. "ದೀಪ ಬುಟ್ಯೇನ್ಲಾ?"

"ಬುಟ್ಟಿವ್ನಿ ಕಣತ್ತೆ. ಆರ್ನಿಲ್ಲ. ನೋಡಿ, ಇನ್ನೂವೆ ಉರೀತಾ ಅದೆ."

"ಅದು ಉರೀತಾ ಇಲ್ಲ ಕಣ್ಲಾ, ಬೆಳಗ್ತಾ ಅದೆ. ಉರಿಯಾಕೆ ಉಸ್ರು ಬೇಕು. ನಿನ್ ಬ್ಯಾಟ್ರಿಗೆ ಯಾತ್ರುದು ಉಸ್ರು? ಅದುನ್ನ ನೀರೊಳೀಕ್ ಬುಟ್ರೂ ಬೆಳಗ್ತದೆ. ಸುನಿತಾ, ಲಾಟೀನು ತತ್ತಾ ಓಗವ್ವ."

ಸುನಿತಾ ತಂದಳು. ಮುದ್ದಮ್ಮ ಹಚ್ಚಿ, ಹಗ್ಗ ಕಟ್ಟಿ ಬಿಟ್ಟಳು. ಬಾಯಿಯಿಂದ ಎರಡು ಮೊಳ ಇಳಿದದ್ದೇ ಬತ್ತಿಯ ಉರಿ ಸಣ್ಣಗಾಯಿತು. ಇನ್ನರ್ಧ ಮೊಳಕ್ಕೆ ಸದ್ದಿಲ್ಲದೆ ಆರಿತು. ಆರಿದ ಲಾಟೀನಿನ ಕೆಳಗೆ, ತಳದಲ್ಲಿ, ಟಾರ್ಚು ಜಗಜಗ ಬೆಳಗುತ್ತಲೇ ಇತ್ತು. ಅಂಗಳದಲ್ಲಿ ನಿಂತವರೆಲ್ಲ ಎರಡನ್ನೂ ನೋಡಿದರು. ಚಿಕ್ಕಬೋರಯ್ಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ರಾಜೇಂದ್ರನಿಗೆ ಇಷ್ಟಕ್ಕೇ ಬಿಡಲು ಮನಸ್ಸಿಲ್ಲ. "ಉಸ್ರು ಕಟ್ಕಂಡ್ ಇಳೀತೀನಿ ಕಣತ್ತೆ. ಎತ್ಕಂಡು ಬರಾಕೆ ಎಷ್ಟೊತ್ತು? ಹಗ್ಗ ಐತಲ್ಲ."

ಮುದ್ದಮ್ಮ ಅವನನ್ನು ಕೊರಳಪಟ್ಟಿ ಹಿಡಿದು ಎಳೆದು ಪಕ್ಕಕ್ಕೆ ಹಾಕಿದಳು. ಹಗೇವಿನ ಬಾಯಿಗೆ ಅಡ್ಡಲಾಗಿ ಒಂದು ಹಲಗೆ ಎಳೆದುಕೊಂಡು ಅದರ ಮೇಲೆ ಕೂತಳು. "ಉಸ್ರು ಕಟ್ಕಂಡು ಇಳ್ದೋರ್ನ ನಾ ಕಂಡಿವ್ನಿ. ಕೆಳ್ಗೋಗಿ ಬಗ್ಗಿದ್ರೆ ಉಸ್ರು ತಾನಾಗೇ ಬುಟ್ಟೋಯ್ತದೆ, ಆಮೇಲೆ ಎಳ್ಕಳದೂ ತಾನಾಗೇಯ. ನನ್ ಗಂಡ ನಿಮ್ಮಪ್ಪುನ್ನ ಒಂದ್ ಕಿತ ಎತ್ತವ್ನೆ. ಇನ್ನೊಂದ್ ಕಿತ ಎತ್ತಾಕೆ ಅವ್ನಿಲ್ಲ ಕಣ್ಲಾ ಮಗ."

ಸುನಿತಾ ಮಂಡ್ಯಕ್ಕೆ ಫೋನು ಹಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಅಗ್ನಿಶಾಮಕದ ಗಾಡಿ ಬಂತು. ಅದರಲ್ಲಿದ್ದ ಅಧಿಕಾರಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಮೀಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ. ಅದು ಕೆಳಗೆ ಹೋದದ್ದೇ ತಡ, ಬೆಕ್ಕಿನ ಬಾಲ ತುಳಿದಂತೆ ಅರಚಿಕೊಂಡಿತು.

"ನಾವು ನಿಂತಿರೋ ಈ ಗಾಳೀಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ ಇರುತ್ತೆ," ಎಂದ. "ಹತ್ತೊಂಬತ್ತೂವರೆಗಿಂತ ಕಮ್ಮಿ ಆದ್ರೆ ನಾವು ಕಾಲಿಡಲ್ಲ. ಕೆಳಗೆ ಆರು ಇದೆ. ಇಳಿದಿದ್ರೆ ಡಬ್ಬಿ ಮುಟ್ಟೋಕೂ ಆಗ್ತಿರಲಿಲ್ಲ."

ರಾಜೇಂದ್ರ ಅಲ್ಲೇ ಇದ್ದ ಇಟ್ಟಿಗೆ ರಾಶಿಯ ಮೇಲೆ ಕೂತ.

ಬ್ಲೋವರ್ ಹಚ್ಚಿ ಎರಡು ಗಂಟೆ ಗಾಳಿ ಊದಿದರು. ಆರು ಇದ್ದದ್ದು ಹದಿನಾಲ್ಕಕ್ಕೆ ಏರಿತು. ನಿಲ್ಲಿಸಿದ ಕೂಡಲೇ ಮತ್ತೆ ಜಾರತೊಡಗಿತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವನು ಆ ಸಣ್ಣ ಬಾಯಲ್ಲಿ ತೂರುವಂತಿರಲಿಲ್ಲ. ಬಾಯಿ ಒಡೆದು ಅಗಲ ಮಾಡೋಣವೆಂದರೆ ಹಗೇವಿನ ಹೊಟ್ಟೆ ಅಂಗಳಕ್ಕೆ ಅಂಟಿಕೊಂಡಿದ್ದ ಚಿಕ್ಕಬೋರಯ್ಯನ ಮನೆ ಗೋಡೆಯ ಅಡಿಯವರೆಗೆ ಹಬ್ಬಿತ್ತು. "ಒಳಗೆ ಮನುಷ್ಯ ಇದ್ದಿದ್ರೆ ಗೋಡೆನಾದ್ರೂ ಕೆಡವ್ತಿದ್ದೆ ಅಮ್ಮ," ಎಂದ ಅಧಿಕಾರಿ. "ಡಬ್ಬಿಗೋಸ್ಕರ ಒಬ್ಬನ್ನ ಇಳಿಸಲ್ಲ."

ಹೊರಡುವ ಮೊದಲು ಲಾಟೀನನ್ನು ಎತ್ತಿ ನೋಡಿ ಅವನು ಇನ್ನೊಂದು ಮಾತು ಹೇಳಿದ. ಪಾಯಿಖಾನೆ ಗುಂಡಿ, ಚರಂಡಿ ಗುಂಡಿಯ ಹತ್ತಿರ ಇದನ್ನು ತರಲೇಬೇಡಿ, ಅಲ್ಲಿನ ಗಾಳಿಗೆ ಬೆಂಕಿ ಹತ್ತಿ ಸಿಡಿಯುತ್ತದೆ. ಬೇರೆ ಗುಂಡಿಯಲ್ಲೂ ದೀಪ ಉರಿದ ಮಾತ್ರಕ್ಕೆ ನಂಬಬೇಡಿ, ಮನುಷ್ಯನ ತಲೆ ಮಂಕಾದ ಮೇಲೂ ದೀಪ ಸ್ವಲ್ಪ ಹೊತ್ತು ಉರಿಯುತ್ತದೆ. ಮೀಟರ್ ಇರುವವರನ್ನು ಕರೆಯಿರಿ.

ಮುದ್ದಮ್ಮನಿಗೆ ಇದು ರುಚಿಸಲಿಲ್ಲ. "ಇಷ್ಟ್ ವರ್ಸದಲ್ಲಿ ಒಂದೂ ಸಿಡ್ದಿಲ್ಲ ಕಣಪ್ಪ."

"ಒಂದು ಸಲ ಸಿಡಿದ್ರೆ ಸಾಕಲ್ಲಮ್ಮ."

ಅವಳು ಯೋಚಿಸಿದಳು. ಅವನ ಫೋನ್ ನಂಬರನ್ನು ಸುನಿತಾಳಿಂದ ಬರೆಸಿಕೊಂಡಳು.

ಗಾಡಿ ಹೋದ ಮೇಲೆ ಚಿಕ್ಕಬೋರಯ್ಯ ಮನೆಯಿಂದ ಪಾತಾಳಗರಡಿ ತಂದ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ಅವನ ಮಾತಿನ ಪ್ರಕಾರ ಆ ಗರಡಿ ಹಿಂದೆ ಕಳೆದುಹೋದ ಕೊಡ, ಎಮ್ಮೆಕರು, ಒಮ್ಮೆ ಸಾಲ ತಪ್ಪಿಸಿಕೊಂಡು ಅಡಗಿದ್ದ ಬೀಗನನ್ನೂ ಮೇಲೆ ತಂದಿದೆ. "ಮನ್ಸ ಯಾಕ್ಲಾ ಇಳೀಬೇಕು? ನನ್ ಗಳ್ಡಿ ಇಳೀತದೆ. ಇದ್ಕೆ ಉಸ್ರೇ ಬ್ಯಾಡ."

ಹಗ್ಗದ ತುದಿ ಹಿಡಿದು ಬಾಯಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿದ. ರಾಜೇಂದ್ರ ಟಾರ್ಚಿನ ಹಗ್ಗ ಹಿಡಿದ. ಊರು ಸುತ್ತ ನಿಂತು ಎಡಕ್ಕೆ, ಬಲಕ್ಕೆ ಎಂದು ಬುದ್ಧಿ ಹೇಳಿತು. ಮೊದಲು ಒಂದು ಹರಿದ ಮಂಕರಿ ಬಂತು, ಅವತ್ತು ದೊಡ್ಡಸಿದ್ದಯ್ಯ ಹಿಡಿದು ಇಳಿದದ್ದೇ ಇರಬೇಕು. ಆಮೇಲೆ ರಾಗಿಯ ಹೆಂಟೆ. ಆರನೆಯದೋ ಏಳನೆಯದೋ ಸಲ ಕೊಕ್ಕೆಯ ತುದಿ ಡಬ್ಬಿಯ ಅಂಚಿಗೆ ತಾಗಿತು. ಡಬ್ಬಿ ಮಗ್ಗುಲಾಯಿತು. ಮುಚ್ಚಳ ಮೇಲ್ಮುಖವಾಗಿ ಬೆಳಕಿಗೆ ಬಂತು. ಅದರ ಮೇಲೆ ಏನೋ ಗೀರು ಇದ್ದಂತಿತ್ತು. ಅಷ್ಟು ಮೇಲಿನಿಂದ ಯಾರಿಗೂ ಓದಲಾಗಲಿಲ್ಲ. ಮುದ್ದಮ್ಮ ಒಂದು ಕೈಯನ್ನು ಹಗೇವಿನೊಳಕ್ಕೆ ಚಾಚಿದಳು, ಎರಡಾಳುದ್ದ ಕೆಳಗಿನದು ಕೈಗೆ ಸಿಕ್ಕುವುದೇನೋ ಎಂಬಂತೆ. ಚಿಕ್ಕಬೋರಯ್ಯ ಹಗ್ಗವನ್ನು ಕೂದಲೆಳೆಯಷ್ಟು ಎಳೆದ. ಹಳೆಯ ರಾಗಿಯ ಗಟ್ಟಿಕಟ್ಟಿದ ಮೇಲ್ಪದರ ಬಿರಿಯಿತು. ಡಬ್ಬಿ ನಿಧಾನವಾಗಿ ಒಳಕ್ಕೆ ಜಾರಿತು. ಬೂದುಬಣ್ಣದ ಪುಡಿ ಅದರ ಮೇಲೆ ಸರಿದು ಸಮವಾಯಿತು.

ಚಿಕ್ಕಬೋರಯ್ಯ ಇನ್ನೂ ಇಪ್ಪತ್ತು ಸಲ ಗರಡಿ ಆಡಿಸಿದ. ಪ್ರತಿ ಸಲವೂ ಬರೀ ರಾಗಿ. ಅವನ ಮುಖದಲ್ಲಿ ಬೆವರೋ ಮತ್ತೊಂದೋ ಇಳಿಯುತ್ತಿತ್ತು. "ಇನ್ನೊಂದ್ ಕಿತ ನೋಡ್ತೀನಿ ತಾಳಮ್ಮಿ."

"ಸಾಕು ಬುಡು ಬೋರಣ್ಣ," ಎಂದಳು ಮುದ್ದಮ್ಮ.

ರಾಜೇಂದ್ರ ಅವಳ ಮುಂದೆ ಬಂದು ನಿಂತ. ಮೂವತ್ತಾರು ವರ್ಷದ ಗಂಡಸು, ತಪ್ಪು ಮಾಡಿದವನಂತೆ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. "ಗಾಳಿ ಇನ್ನೂ ನಾಕ್ ದಿನ ಊದ್ಸಾನ ಕಣತ್ತೆ. ಮನೆ ಕೆಲ್ಸ ನಿಲ್ಲಿಸ್ತೀನಿ."

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಾಕ್ ದಿನ ಊದ್ಸಿದ್ರೆ ನೀ ಇಳೀತೀಯೆ. ನಂಗೊತ್ತು. ಇಳೀದೆ ಇರಂಗಿಲ್ಲ ನೀನು. ಬ್ಯಾಡ. ಇವತ್ತೇ ಮುಚ್ಸು. ಬಾಯಿ ತಗ್ದಿದ್ರೆ ನಂಗೂ ಆಸೆ ಬುಡಾಕಿಲ್ಲ."

ಜೆಸಿಬಿಯವನು ಮಣ್ಣು ತುಂಬಿದ ಬಕೆಟ್ ಎತ್ತಿ ಹಗೇವಿನ ಮೇಲೆ ನಿಲ್ಲಿಸಿ, ಸುರಿಯಲೇ ಎಂದು ನೋಡಿದ. "ವಸಿ ತಾಳಪ್ಪ," ಎಂದಳು. ಬಗ್ಗಿದಳು. ರಾಜೇಂದ್ರ ಟಾರ್ಚನ್ನು ಇನ್ನೂ ಕೆಳಗೆ ಬಿಟ್ಟೇ ಇದ್ದ. ಆ ಬೆಳಕಿನಲ್ಲಿ ಬರೀ ರಾಗಿ ಕಾಣುತ್ತಿತ್ತು. ಅವಳು ಅದನ್ನೇ ನೋಡಿದಳು. ಎಷ್ಟು ಹೊತ್ತೆಂದು ಈ ಸಲ ನಾನು ಏನೂ ಸೇರಿಸುವುದಿಲ್ಲ. ಜೆಸಿಬಿಯವನು ಇಂಜಿನ್ ಆರಿಸಿ ಕೂತಿದ್ದ, ಅಷ್ಟು ಹೊತ್ತು.

"ಊಂ. ಸುರಿ."

ಮಣ್ಣು ಬಿತ್ತು. ಅಂಗಳದ ತುಂಬ ಧೂಳೆದ್ದಿತು. ರಾಜೇಂದ್ರನಿಗೆ ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ತುಂಬಿತು. ಸೊಂಟ ಹಿಡಿದುಕೊಂಡು ಕೆಮ್ಮಿದ. ಮುದ್ದಮ್ಮ ಅವನ ಬೆನ್ನಿಗೆ ಕೈ ಹಾಕಿದಳು. ನೀವಲಿಲ್ಲ, ತಟ್ಟಲಿಲ್ಲ. ಸುಮ್ಮನೆ ಅಂಗೈ ಚಾಚಿ ಇಟ್ಟು, ಆ ಬೆನ್ನು ಉಬ್ಬುವುದನ್ನೂ ಇಳಿಯುವುದನ್ನೂ ನೋಡುತ್ತ ನಿಂತಳು.